ಒಂದು ಗಂಟೆಯ ರೈಲು, ಎಂಟುನೂರು ವರ್ಷದ ಗಾಜು



ಯೂರೋಪು ಪ್ರವಾಸ ಮುಗಿಸಿ ಬಂದ ನಮ್ಮವರನ್ನು ಪ್ಯಾರಿಸ್ಸಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿ. ಐಫೆಲ್ ಗೋಪುರ, ಲೂವ್ರ್ ಮ್ಯೂಸಿಯಮ್ಮಿನಲ್ಲಿ ಹತ್ತಾರು ತಲೆಗಳ ಆಚೆ ಇಣುಕಿ ಕಂಡ ಮೋನಾಲಿಸಾ, ಸೇನ್ ನದಿಯಲ್ಲಿ ಒಂದು ಸುತ್ತು ದೋಣಿ, ಕೊನೆಗೆ ಸೆಂಟಿನ ಅಂಗಡಿ. ಮೂರನೆಯ ದಿನ ಬೆಳಿಗ್ಗೆ ಬಸ್ಸು ಸ್ವಿಟ್ಜರ್ಲೆಂಡಿನ ದಾರಿ ಹಿಡಿದಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ದುಡ್ಡು ಕೊಟ್ಟವರು ಪಟ್ಟಿಯಲ್ಲಿದ್ದದ್ದನ್ನು ನೋಡಿ ಬರಬೇಕಲ್ಲ. ಆದರೆ ಈಗೀಗ ನಮ್ಮ ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು ಓದಿಗೆ, ಕೆಲಸಕ್ಕೆ ಎಂದು ಅಲ್ಲಿಗೆ ಹೋಗಿ ಮನೆ ಹೂಡಿದ್ದಾರೆ. ಅವರಲ್ಲಿ ವಾರಗಟ್ಟಲೆ ಉಳಿದು ಬರುವ ಹಿರಿಯರೂ ಹೆಚ್ಚಿದ್ದಾರೆ. ಅಂಥವರಿಗೆ ಒಂದು ದಿನ ಬಿಡುವಾದರೆ ರೈಲು ಹತ್ತಿ ಹೋಗಿ ಬರಬಹುದಾದ ಊರೊಂದರ ಮಾತನ್ನು ಇವತ್ತು ಆಡುತ್ತೇನೆ. ಊರಿನ ಹೆಸರು ಶಾರ್ತ್ರ್. ಪ್ಯಾರಿಸ್ಸಿನ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರ್. ರೈಲಿನಲ್ಲಿ ಒಂದು ಗಂಟೆ, ಅದರ ಮೇಲೆ ಹತ್ತು ಹದಿನೈದು ನಿಮಿಷ.

ಶಾರ್ತ್ರಿನ ರೈಲು ಹೊರಡುವುದು ಮೊಂಪಾರ್ನಾಸ್ ನಿಲ್ದಾಣದಿಂದ. ಈ ನಿಲ್ದಾಣದ ಒಂದು ಛಾಯಾಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು: ಎರಡನೆಯ ಅಂತಸ್ತಿನ ಗೋಡೆ ಒಡೆದುಕೊಂಡು ಬಂದ ಉಗಿಬಂಡಿಯ ಎಂಜಿನ್ ಮೂತಿ ಕೆಳಗೆ ಮಾಡಿ ಬೀದಿಗೆ ನೇತುಬಿದ್ದಿದೆ. 1895ರ ಅಕ್ಟೋಬರ್ 22ರಂದು ಬ್ರೇಕು ಹಿಡಿಯದೆ ಆದ ಅನಾಹುತ ಅದು. ರೈಲಿನೊಳಗಿದ್ದವರು ಬದುಕಿದರು; ಕೆಳಗೆ ಬೀದಿಯಲ್ಲಿ ಪತ್ರಿಕೆಯ ಅಂಗಡಿ ನೋಡಿಕೊಳ್ಳುತ್ತಿದ್ದ ಹೆಂಗಸು ಸತ್ತಳು. ಆ ಹಳೆಯ ಕಟ್ಟಡ ಈಗಿಲ್ಲ. ಈಗಿರುವುದು ಗಾಜು, ಸಿಮೆಂಟು, ಏರುಮೆಟ್ಟಿಲು ಯಂತ್ರಗಳ ನಿಲ್ದಾಣ. ಬೆಂಗಳೂರಿನ ಯಾವ ಮಾಲಿನಲ್ಲಿ ಇಳಿಸಿದರೂ ಗೊತ್ತಾಗದಷ್ಟು ಸಪ್ಪೆ.

ನನ್ನ ಜೊತೆಗಿದ್ದವನು ತಮ್ಮನ ಮಗ. ಅಲ್ಲಿಯೇ ಎಂಜಿನಿಯರ್. ಹೊರಡುವ ಮುಂಚೆಯೇ ಷರತ್ತು ಹಾಕಿದ: "ದೊಡ್ಡಪ್ಪಾ, ಅಲ್ಲಿ ಒಂದು ಚರ್ಚು ಬಿಟ್ಟರೆ ಬೇರೇನೂ ಇಲ್ಲ ಅಂತಾರೆ. ಮಧ್ಯಾಹ್ನದ ಗಾಡಿಗೆ ವಾಪಸ್ ಬಂದುಬಿಡೋಣ." "ಮೊದಲು ಹತ್ತು ಮಾರಾಯಾ, ಆಮೇಲೆ ನೋಡೋಣ" ಎಂದೆ.

ಗಾಡಿ ಉಪನಗರಗಳನ್ನು ದಾಟಿ, ವರ್ಸೈ ಊರಿನ ಒಂದು ನಿಲ್ದಾಣದಲ್ಲಿ ನಿಂತು, ರಾಂಬುಯೆಯ ಕಾಡಿನ ಅಂಚಿನಲ್ಲಿ ಸಾಗುತ್ತದೆ. ವರ್ಸೈನಲ್ಲಿ ರೈಲಿನಿಂದ ಅರಮನೆಯೇನೂ ಕಾಣುವುದಿಲ್ಲ. ಆದರೆ ಆ ಅರಮನೆಯ ಖಯಾಲಿಯ ಕುರುಹೊಂದು ಇದೇ ಹಳಿಯ ಮುಂದಿನ ಊರಲ್ಲಿದೆ, ಮೆಂತನೋನ್‌ನಲ್ಲಿ. 14ನೆಯ ಲೂಯಿ ದೊರೆಗೆ ವರ್ಸೈನ ಕಾರಂಜಿಗಳಿಗೆ ನೀರು ಸಾಲದಾಯಿತು. ಯೂರ್ ನದಿಯ ನೀರನ್ನು ಅಷ್ಟು ದೂರದಿಂದ ಹರಿಸಿ ತರಿಸಬೇಕೆಂದು 1685ರಲ್ಲಿ ಸಾವಿರಾರು ಸೈನಿಕರನ್ನು ಕಲ್ಲು ಹೊರಲು ಹಚ್ಚಿದ. ಚಳಿಜ್ವರದಲ್ಲಿ ಎಷ್ಟೋ ಮಂದಿ ಸತ್ತರು. 1688ರಲ್ಲಿ ಯುದ್ಧ ಬಂತು, ಸೈನಿಕರು ಅತ್ತ ಹೋದರು, ಕೆಲಸ ಅಲ್ಲಿಗೇ ನಿಂತಿತು. ಅರ್ಧಕ್ಕೆ ನಿಂತ ಆ ಕಮಾನುಗಳ ಸಾಲು ಇವತ್ತಿಗೂ ಮೈತುಂಬ ಬಳ್ಳಿ ಹೊದ್ದು ನಿಂತಿದೆ. ಒಂದು ಹನಿ ನೀರೂ ಅದರ ಮೇಲೆ ಹರಿಯಲಿಲ್ಲ.

ಅಲ್ಲಿಂದಾಚೆ ಬೋಸ್ ಬಯಲು. ಫ್ರಾನ್ಸಿನ ಕಣಜ ಎನ್ನುವುದು ಇದನ್ನೇ. ದಿಬ್ಬವಿಲ್ಲ, ತೋಪಿಲ್ಲ, ಕಣ್ಣು ಹಾಯುವವರೆಗೂ ಗೋಧಿ. ಎಮಿಲ್ ಜೋಲಾ ರೈತರ ನೆಲದ ಹಸಿವನ್ನು ಕುರಿತು 1887ರಲ್ಲಿ ಬರೆದ ಕಾದಂಬರಿಗೆ ಆರಿಸಿಕೊಂಡದ್ದು ಈ ಬಯಲನ್ನೇ. ಇಂಥ ಮಟ್ಟಸ ನೆಲದಲ್ಲಿ ಯಾವುದೇ ಎತ್ತರ ಬಹಳ ದೂರಕ್ಕೆ ಕಾಣುತ್ತದೆ. ಊರು ಇನ್ನೂ ಬಂದಿರುವುದಿಲ್ಲ, ಒಂದಕ್ಕೊಂದು ಹೊಂದದ ಎರಡು ಗೋಪುರಗಳು ಆಗಲೇ ಗೋಧಿಯ ಮೇಲೆ ಎದ್ದಿರುತ್ತವೆ. 1912ರಲ್ಲಿ ಶಾರ್ಲ್ ಪೆಗಿ ಎಂಬ ಕವಿ ಮಗನ ಕಾಯಿಲೆಗಾಗಿ ಹರಕೆ ಹೊತ್ತು ಪ್ಯಾರಿಸ್ಸಿನ ಕಡೆಯಿಂದ ಈ ಬಯಲಿನಲ್ಲಿ ನಡೆದು ಬಂದ. ಎರಡು ವರ್ಷಕ್ಕೆ ಮೊದಲ ಮಹಾಯುದ್ಧದ ಆರಂಭದಲ್ಲೇ ಗುಂಡಿಗೆ ಬಲಿಯಾದ. ಅವನ ಹೆಜ್ಜೆ ಹಿಡಿದು ಪ್ಯಾರಿಸ್ಸಿನ ವಿದ್ಯಾರ್ಥಿಗಳು ಇವತ್ತಿಗೂ ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಇಲ್ಲಿಗೆ ಯಾತ್ರೆ ಬರುತ್ತಾರೆ. ನಾವು ರೈಲಿನಲ್ಲಿ ಕೂತು ಬಂದವರು. 1849ರಲ್ಲೇ ಬಂದ ಹಳಿ ಇದು.

ನಿಲ್ದಾಣದಿಂದ ಹೊರಗೆ ಬಂದರೆ ದಾರಿ ಕೇಳುವ ಅಗತ್ಯವಿಲ್ಲ. ಹತ್ತು ನಿಮಿಷ ಏರು ನಡೆದರೆ ಕೆಥೆಡ್ರಲ್ಲಿನ ಎದುರು ನಿಂತಿರುತ್ತೀರಿ.

ಈಗ ಸ್ವಲ್ಪ ಚರಿತ್ರೆ. ಬೇಗ ಹೇಳಿ ಮುಗಿಸುತ್ತೇನೆ. 876ರಲ್ಲಿ ಚಾರ್ಲ್ಸ್ ಎಂಬ ದೊರೆ ಇಲ್ಲಿಗೆ ಒಂದು ವಸ್ತ್ರವನ್ನು ಕಾಣಿಕೆಯಾಗಿ ಕೊಟ್ಟ. ಯೇಸುವನ್ನು ಹೆತ್ತಾಗ ಮೇರಿ ಮಾತೆ ಉಟ್ಟಿದ್ದ ಅಂಗಿ ಅದು ಎಂದು ನಂಬಿಕೆ. ಊರು ಯಾತ್ರಾಸ್ಥಳವಾಯಿತು. ಮೇರಿಯ ಹಬ್ಬಗಳಿಗೆ ಜಾತ್ರೆ ನೆರೆಯಿತು, ಜಾತ್ರೆಯಿಂದ ವ್ಯಾಪಾರ ಕುದುರಿತು. 1194ರ ಜೂನ್ 10ರ ರಾತ್ರಿ ಬೆಂಕಿ ಬಿದ್ದು ಚರ್ಚಿನ ಬಹುಭಾಗ ಸುಟ್ಟುಹೋಯಿತು. ವಸ್ತ್ರವೂ ಹೋಯಿತೆಂದು ಊರವರು ಗೋಳಾಡುತ್ತಿದ್ದಾಗ, ಕೆಲವು ದಿನಗಳ ಮೇಲೆ ನೆಲಮಾಳಿಗೆಯಲ್ಲಿ ಅಡಗಿದ್ದ ಪಾದ್ರಿಗಳು ಅದನ್ನು ಹೊತ್ತುಕೊಂಡು ಹೊರಗೆ ಬಂದರಂತೆ. ಮೇರಿ ತನಗೆ ಇನ್ನೂ ದೊಡ್ಡ ಗುಡಿ ಬೇಕೆಂದು ಹಳೆಯದನ್ನು ತಾನೇ ಸುಡಿಸಿಕೊಂಡಳು ಎಂದು ಜನ ತೀರ್ಮಾನಿಸಿದರು. ಬಿಷಪ್ಪರೂ ಚರ್ಚಿನ ಹಿರಿಯರೂ ತಮ್ಮ ಉತ್ಪತ್ತಿಯ ಒಂದು ಪಾಲನ್ನು ಮೂರು ವರ್ಷ ಬಿಟ್ಟುಕೊಟ್ಟರು. ಸುಮಾರು ಮೂವತ್ತು ವರ್ಷದಲ್ಲಿ ಕಟ್ಟಡ ಎದ್ದಿತು. 1260ರಲ್ಲಿ ದೊರೆ 9ನೆಯ ಲೂಯಿಯ ಎದುರಿನಲ್ಲಿ ಪ್ರತಿಷ್ಠೆಯಾಯಿತು. ಆ ವಸ್ತ್ರವನ್ನಿಟ್ಟ ಪೆಟ್ಟಿಗೆಯನ್ನು 1712ರಲ್ಲಿ ತೆರೆದು ನೋಡಿದರೆ ಅಂಗಿಯಲ್ಲ, ಉದ್ದನೆಯ ರೇಷ್ಮೆ ಬಟ್ಟೆ! ಅಷ್ಟರಲ್ಲಿ ಅಂಗಿಯ ಹೆಸರಿನಲ್ಲಿ ಕಟ್ಟಿದ್ದು ನಿಂತು ಹತ್ತಿರ ಹತ್ತಿರ ಐದು ಶತಮಾನವಾಗಿತ್ತು.

ಗೋಪುರಗಳು ಹೊಂದುವುದಿಲ್ಲ ಎಂದೆನಲ್ಲ. ಬಲಗಡೆಯದು 12ನೆಯ ಶತಮಾನದ್ದು, 105 ಮೀಟರ್, ನುಣುಪು ಕಲ್ಲಿನ ಸಾದಾ ಮೊನೆ. ಎಡಗಡೆಯದರ ಮರದ ಮೊನೆ 1506ರಲ್ಲಿ ಸಿಡಿಲಿಗೆ ಸುಟ್ಟುಹೋಗಿ, ಜಾನ್ ದ ಬೋಸ್ ಎಂಬವನು ತನ್ನ ಕಾಲದ ಬೆಡಗಿನಲ್ಲಿ ಹೊಸದನ್ನು ಕಟ್ಟಿದ. ಅದು 113 ಮೀಟರ್, ಮೈಯೆಲ್ಲ ಕುಸುರಿ. ನನ್ನ ಮತ ಸಾದಾ ಗೋಪುರಕ್ಕೆ. ಮಾಡಿನ ಮೇಲೆ ಕಾಣುವ ಹಸಿರು ಬಣ್ಣ ತಾಮ್ರದ್ದು. 1836ರಲ್ಲಿ ಮತ್ತೆ ಬೆಂಕಿ ಬಿದ್ದು ಮಾಡಿನ ಮರಗೆಲಸವೆಲ್ಲ ಬೂದಿಯಾದಾಗ, ಅದರ ಜಾಗದಲ್ಲಿ ಬೀಡುಕಬ್ಬಿಣದ ಚೌಕಟ್ಟು ಕೂರಿಸಿ ತಾಮ್ರದ ತಗಡು ಹೊದಿಸಿದರು. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಹೊತ್ತಿ ಉರಿದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಅವರು ಹಟ ಹಿಡಿದು ಮತ್ತೆ ಓಕ್ ಮರವನ್ನೇ ತಂದರು. ಶಾರ್ತ್ರಿನವರು 19ನೆಯ ಶತಮಾನದಲ್ಲೇ ಆ ಸಹವಾಸ ಬಿಟ್ಟಿದ್ದರು.

ಒಳಗೆ ಹೋಗುವ ಆತುರ ಬೇಡ. ಪಶ್ಚಿಮದ ಬಾಗಿಲುಗಳ ಮುಂದೆ ನಿಲ್ಲಿ. ಬೆಂಕಿಗೆ ದಕ್ಕದೆ ಉಳಿದ ಭಾಗ ಇದು, ಸುಮಾರು 1145ರಿಂದ 1155ರ ನಡುವಿನ ಕೆತ್ತನೆ. ಕಂಬದ ಹಾಗೆ ನೀಳವಾಗಿ ನಿಂತ ರಾಜರಾಣಿಯರನ್ನು ಎಲ್ಲರೂ ನೋಡುತ್ತಾರೆ. ಬಲಬಾಗಿಲಿನ ಕಮಾನಿನಲ್ಲಿ ವಿದ್ಯೆಗಳನ್ನು ಹೆಂಗಸರ ರೂಪದಲ್ಲಿ ಕಡೆದಿದ್ದಾರೆ. ಅದನ್ನು ನೋಡುವವರು ಕಡಿಮೆ. ಸಂಗೀತವೆಂಬ ಹೆಂಗಸು ಗಂಟೆ ಬಾರಿಸುತ್ತಿದ್ದಾಳೆ, ಅವಳ ಕೆಳಗೆ ಪೈಥಾಗೊರಸ್ ಮಣೆಯ ಮೇಲೆ ಬಗ್ಗಿ ಬರೆಯುತ್ತಿದ್ದಾನೆ. ಪಕ್ಕದಲ್ಲಿ ವ್ಯಾಕರಣ. ಕೈಯಲ್ಲಿ ಬೆತ್ತ, ಕಾಲಬಳಿ ಇಬ್ಬರು ಹುಡುಗರು. ಒಬ್ಬ ಪುಸ್ತಕದ ಮೇಲೆ ಕಣ್ಣಿಟ್ಟಿದ್ದರೆ ಇನ್ನೊಬ್ಬ ಅವನ ಜುಟ್ಟು ಹಿಡಿದು ಎಳೆಯುತ್ತಿದ್ದಾನೆ. ಎಂಟುನೂರೈವತ್ತು ವರ್ಷದಿಂದ ಎಳೆಯುತ್ತಲೇ ಇದ್ದಾನೆ, ಬೆತ್ತ ಇನ್ನೂ ಬಿದ್ದಿಲ್ಲ.

ಚರ್ಚಿನ ಬಾಗಿಲಲ್ಲಿ ವ್ಯಾಕರಣಕ್ಕೇನು ಕೆಲಸ? ಆಗ ಶಾರ್ತ್ರ್ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಫುಲ್ಬೇರ್ ಎಂಬ ಬಿಷಪ್ಪರು 11ನೆಯ ಶತಮಾನದ ಆರಂಭದಲ್ಲಿ ಬೆಳೆಸಿದ ಪಾಠಶಾಲೆ ಅದು. ನಾವು ದೈತ್ಯರ ಹೆಗಲೇರಿದ ಕುಳ್ಳರು, ಅದಕ್ಕೇ ಅವರಿಗಿಂತ ದೂರ ಕಾಣುತ್ತೇವೆ ಎಂಬ ಮಾತನ್ನು ಎಲ್ಲರೂ ನ್ಯೂಟನ್ನನ ಹೆಸರಿನಲ್ಲಿ ಹೇಳುತ್ತಾರೆ. ಅದಕ್ಕೂ ಐದು ಶತಮಾನ ಹಿಂದೆ ಅದನ್ನು ಆಡಿದವನು ಇಲ್ಲಿಯ ಮೇಷ್ಟ್ರು ಬರ್ನಾರ್. ಒಳಗೆ ದಕ್ಷಿಣದ ದುಂಡುಕಿಟಕಿಯ ಕೆಳಗೆ ಯೇಸುವಿನ ಚರಿತ್ರೆ ಬರೆದ ನಾಲ್ವರು ಹಳೆಯ ಪ್ರವಾದಿಗಳ ಹೆಗಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಮೇಷ್ಟರ ಮಾತೇ ಗಾಜಿಗೆ ಇಳಿಯಿತೋ ಏನೋ, ಹೊಂದುವುದಂತೂ ಚೆನ್ನಾಗಿ ಹೊಂದುತ್ತದೆ.

ಗಾಜಿನ ಮಾತಿಗೆ ಬಂದೆ. ಶಾರ್ತ್ರಿಗೆ ಹೋಗುವುದೇ ಗಾಜಿಗಾಗಿ.

ಒಳಗೆ ಕಾಲಿಟ್ಟ ಮೇಲೆ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಮೊದಲು ಬರುವುದು ನೀಲಿ. 176 ಕಿಟಕಿಗಳು, ಒಟ್ಟು ಎರಡೂವರೆ ಸಾವಿರ ಚದರ ಮೀಟರಿಗೂ ಮೀರಿದ ಗಾಜು. ಅದರಲ್ಲಿ ಬಹುಪಾಲು 12 ಮತ್ತು 13ನೆಯ ಶತಮಾನದ್ದೇ. ಇಷ್ಟು ಹಳೆಯ ಗಾಜು ಇಷ್ಟು ಪ್ರಮಾಣದಲ್ಲಿ ಒಂದೇ ಕಡೆ ಉಳಿದಿರುವುದು ಬಹಳ ಅಪರೂಪ. ಮರದ ಬೂದಿ ಮತ್ತು ಮರಳನ್ನು ಕುಲುಮೆಯಲ್ಲಿ ಕರಗಿಸುತ್ತಿದ್ದರು. ಅದಕ್ಕೆ ಕೋಬಾಲ್ಟ್ ಬೆರೆತರೆ ನೀಲಿ, ತಾಮ್ರ ಬೆರೆತರೆ ಕೆಂಪು. ಬಣ್ಣದ ತುಂಡುಗಳನ್ನು ನಕ್ಷೆಯ ಮೇಲಿಟ್ಟು ಕತ್ತರಿಸಿ, ಕಣ್ಣು ಮೂಗು ಉಡುಗೆಯ ನೆರಿಗೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು, ಮತ್ತೆ ಸುಟ್ಟು, ಕೊನೆಗೆ ಸೀಸದ ಪಟ್ಟಿಯಲ್ಲಿ ಜೋಡಿಸಿ ಬೆಸೆಯುವುದು. ಗಾಜಿನಲ್ಲಿ ಗುಳ್ಳೆಯಿದೆ, ದಪ್ಪ ಒಂದೇ ಸಮನಿಲ್ಲ. ಆ ಒರಟುತನದಿಂದಲೇ ಬೆಳಕು ಅಲ್ಲಲ್ಲಿ ಮುರಿದು ಒಳಗೆ ಬರುತ್ತದೆ. ಕಾರ್ಖಾನೆಯ ನಯವಾದ ಗಾಜಿಗೆ ಆ ಗುಣವಿಲ್ಲ. ದಕ್ಷಿಣ ಭಾಗದಲ್ಲಿ ನೀಲಿ ಉಟ್ಟ ಮೇರಿಯ ಕಿಟಕಿಯೊಂದಿದೆ. ಮೇರಿಯ ಮೂರ್ತಿಯ ಗಾಜು 1194ರ ಬೆಂಕಿಯಲ್ಲಿ ಉಳಿದು ಬಂದದ್ದು. ಉಳಿದ ನೀಲಿಗಳ ನಡುವೆ ಅವಳ ಉಡುಗೆಯ ನೀಲಿ ತಿಳಿಯಾಗಿ ಬೇರೆಯೇ ಕಾಣುತ್ತದೆ.

ಜನ ಮೇಲೆ ನೋಡುತ್ತಾರೆ. ನೀವು ಕೆಳಗೆ ನೋಡಿ. ಈ ಕಿಟಕಿಗಳಲ್ಲಿ ಹೆಚ್ಚಿನವನ್ನು ಓದುವುದೂ ಕೆಳಗಿನಿಂದ ಮೇಲಕ್ಕೇ. ಕೆಳಗಿನ ಸಾಲಿನಲ್ಲಿ ಸಂತರಿಲ್ಲ, ದುಡಿಯುವವರಿದ್ದಾರೆ. ಯೇಸು ಹೇಳಿದ ಒಳ್ಳೆಯ ಸಮಾರಿಯದವನ ಕಥೆಯಿರುವ ಕಿಟಕಿಯ ಬುಡದಲ್ಲಿ ಜೋಡು ಹೊಲಿಯುವವರು ದಾರ ಎಳೆಯುತ್ತಿದ್ದಾರೆ. ನೋಹನ ಕಿಟಕಿಯ ಕೆಳಗೆ ಬಡಗಿಗಳು, ಗಾಡಿಯ ಚಕ್ರ ಮಾಡುವವರು, ಪೀಪಾಯಿ ಕಟ್ಟುವವರು. ಮೇಲೆ ನೋಹನೂ ಮರ ಕಡಿದು ದೋಣಿಯನ್ನೇ ಕಟ್ಟುತ್ತಿದ್ದಾನೆ, ಒಂದೇ ಕಸುಬು. ಇನ್ನೊಂದರಲ್ಲಿ ಕುದುರೆಗೆ ಲಾಳ ಹೊಡೆಯುತ್ತಿದ್ದಾರೆ. ಇನ್ನೊಂದರಲ್ಲಿ ಹೆಂಡದ ಪೀಪಾಯಿ ಹೇರಿದ ಗಾಡಿ ಹೊರಟಿದೆ. ತುಪ್ಪಳದ ವ್ಯಾಪಾರಿ ಗಿರಾಕಿಯ ಮುಂದೆ ಮೇಲಂಗಿ ಹರಡಿದ್ದಾನೆ. ಪೂರ್ವದ ತುದಿಯಲ್ಲಿ ನಟ್ಟನಡುವಿನ ಎತ್ತರದ ಕಿಟಕಿಯಲ್ಲಿ ಮೇರಿಯ ಪಾದದ ಕೆಳಗೆ ರೊಟ್ಟಿ ಸುಡುವವರು ರೊಟ್ಟಿ ತುಂಬಿದ ದೊಡ್ಡ ಬುಟ್ಟಿ ಹೊತ್ತು ನಡೆದಿದ್ದಾರೆ. ಜೋಸೆಫನ ಕಥೆಯ ಕಿಟಕಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಅಣ್ಣಂದಿರು ತಮ್ಮನನ್ನು ಬೆಳ್ಳಿಗೆ ಮಾರಿದ ಕಥೆ ಅದು, ಅದರ ಬುಡದಲ್ಲಿ ಚಿನಿವಾರರು ನಾಣ್ಯ ತೂಗುತ್ತಾ ಕೂತಿದ್ದಾರೆ. ಬರೆದವನ ಕುಹಕವೋ ಬರೆಸಿದವರ ಮುಗ್ಧತೆಯೋ, ತೀರ್ಮಾನ ನಿಮಗೆ ಬಿಟ್ಟದ್ದು.

ಕುಶಲಕರ್ಮಿಗಳ ಸಂಘಗಳು ಭಕ್ತಿಯಿಂದ ದಾನ ಕೊಟ್ಟು ತಮ್ಮ ಗುರುತು ಹಾಕಿಸಿಕೊಂಡವು ಎಂಬುದು ಹಳೆಯ ವಿವರಣೆ. ಅಮೆರಿಕದ ವಿದ್ವಾಂಸೆ ಜೇನ್ ವೆಲ್ಚ್ ವಿಲಿಯಮ್ಸ್ 1993ರ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು. ಚರ್ಚು ಊರವರಿಂದ ವಸೂಲಿ ಮಾಡುತ್ತಿದ್ದ ಸಂಬಂಧವನ್ನೇ ಭಕ್ತಿಯ ಚಿತ್ರವಾಗಿ ತೋರಿಸಿರಬಹುದು ಎಂಬುದು ಅವರ ವಾದದ ಸಾರ. ಅದರಲ್ಲಿ ಹುರುಳಿದೆ. ಕಟ್ಟಡ ಏಳುತ್ತಿದ್ದಾಗಲೇ, 1210ರಲ್ಲಿ, ಊರವರು ದಂಗೆಯೆದ್ದು ಚರ್ಚಿನ ಮುಖ್ಯಾಧಿಕಾರಿಯ ಮನೆಗೆ ನುಗ್ಗಿದ್ದರು. ಎಲ್ಲರೂ ಹಾಡಿಕೊಂಡು ಕಲ್ಲು ಹೊತ್ತರು ಎಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ದಾನವೇ ಆಗಿರಲಿ ವಸೂಲಿಯೇ ಆಗಿರಲಿ, ರಾಣಿ ಬ್ಲಾಂಷ್ ತನ್ನ ಮನೆತನದ ಲಾಂಛನ ಹಾಕಿಸಿದ ಉತ್ತರದ ದುಂಡುಕಿಟಕಿ ಇರುವ ಕಟ್ಟಡದಲ್ಲೇ ಜೋಡು ಹೊಲಿಯುವವನಿಗೂ ಅದೇ ನೀಲಿ, ಅದೇ ಕೆಂಪು ಸಂದಿದೆ. ಇದು ಸಣ್ಣ ಸಂಗತಿಯಲ್ಲ.

ಇಷ್ಟು ಕಸುಬಿನವರ ಚಿತ್ರವಿರುವ ಕಡೆ ಕಟ್ಟಿದವನ ಹೆಸರು ಎಲ್ಲಿ? ಇಲ್ಲ. 1194ರ ನಂತರ ಕಟ್ಟಿಸಿದ ಮುಖ್ಯ ಸ್ಥಪತಿ ಹೆಸರಿಲ್ಲದವನು. ಗಾಜು ಬರೆದವರೂ ಹಾಗೆಯೇ. ಆರ್ಸನ್ ವೆಲ್ಸ್ 1973ರಲ್ಲಿ ಮಾಡಿದ 'ಎಫ್ ಫಾರ್ ಫೇಕ್' ಚಿತ್ರದಲ್ಲಿ ಈ ಕಟ್ಟಡವನ್ನು ತೋರಿಸಿ, ರುಜುವಿಲ್ಲದ ಹಿರಿಮೆಯ ಬಗ್ಗೆ ಮಾತಾಡುತ್ತಾನೆ. ಕೇಳಲು ಬಹಳ ಚೆನ್ನಾಗಿದೆ. ಕನ್ನಡಿಗನಾಗಿ ನನಗೆ ಒಂದು ತಕರಾರಿದೆ. ಶಾರ್ತ್ರಿನ ಪಶ್ಚಿಮದ ಬಾಗಿಲು ಕೆತ್ತುವುದಕ್ಕೆ ಒಂದು ತಲೆಮಾರು ಮೊದಲು, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅಲ್ಲಿಯ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಹೆಸರು ಕೊರೆದಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಹೆಜ್ಜೆಹೆಜ್ಜೆಗೂ ಸಿಗುತ್ತಾನೆ. ಹೆಸರು ಬರೆದುಕೊಂಡ ಮಾತ್ರಕ್ಕೆ ದಾಸೋಜನ ಭಕ್ತಿ ಕಡಿಮೆಯಾಯಿತೇ? ಶಾರ್ತ್ರಿನ ಗಾಜಿನವರಿಗೂ ಹೆಸರಿನ ಆಸೆ ಇತ್ತು ಎನ್ನಲು ಒಂದು ಪುರಾವೆಯಿದೆ. ಉತ್ತರದ ರುವಾಂ ಊರಿನ ಕೆಥೆಡ್ರಲ್ಲಿನಲ್ಲಿ ಇದೇ ಜೋಸೆಫನ ಕಥೆಯ ಕಿಟಕಿಯೊಂದಿದೆ. ಅದರಲ್ಲಿ "ಶಾರ್ತ್ರಿನ ಗಾಜುಗಾರ ಕ್ಲೆಮೆನ್ಸ್" ಎಂದು ಲ್ಯಾಟಿನ್ನಿನಲ್ಲಿ ರುಜು ಹಾಕಿದ್ದಾನೆ. ತನ್ನ ಊರಲ್ಲಿ ಸಿಗದ ಜಾಗ ಪರವೂರಲ್ಲಿ ಸಿಕ್ಕಿತು.

ಈ ಹೊತ್ತಿಗೆ ತಮ್ಮನ ಮಗ ಮಧ್ಯಾಹ್ನದ ಗಾಡಿಯನ್ನು ಮರೆತು, ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಹಿಗ್ಗಿಸಿ ಲಾಳ ಹೊಡೆಯುವವನನ್ನು ಹಿಡಿಯಲು ಹೆಣಗುತ್ತಿದ್ದ. "ದೊಡ್ಡಪ್ಪಾ, ಆ ಕುದುರೆಯ ಕಾಲನ್ನು ಮರದ ಕಟ್ಟಿಗೆ ಕಟ್ಟಿದ್ದಾರೆ ನೋಡಿ" ಎಂದ. ನನ್ನ ಕಣ್ಣಿಗೆ ಅದು ಕಾಣಲಿಲ್ಲ, ಅವನ ಫೋನಿನಲ್ಲೇ ನೋಡಿದೆ.

ನೆಲದಲ್ಲೂ ನೋಡುವಂಥದ್ದಿದೆ. ನಡುಸಾಲಿನ ನೆಲಗಟ್ಟಿನಲ್ಲಿ ಸುಮಾರು 13 ಮೀಟರ್ ಅಗಲದ ಸುತ್ತುಬಳಸಿನ ಚಕ್ರವೊಂದನ್ನು ಕಲ್ಲಿನಲ್ಲೇ ಕೂರಿಸಿದ್ದಾರೆ. ಹೆಜ್ಜೆ ಹಾಕಿ ಹೋದರೆ ದಾರಿಯ ಉದ್ದ 260 ಮೀಟರಿಗೂ ಹೆಚ್ಚು. ಹಳೇಬೀಡಿನ ಗೋಡೆಯ ಮೇಲೆ ಅಭಿಮನ್ಯು ನುಗ್ಗಿದ ಚಕ್ರವ್ಯೂಹವನ್ನು ಕೆತ್ತಿರುವುದು ನೆನಪಾಗದೆ ಇರದು. ವ್ಯತ್ಯಾಸವೆಂದರೆ ಇಲ್ಲಿ ದಾರಿ ತಪ್ಪುವ ಭಯವಿಲ್ಲ. ಕವಲುಗಳೇ ಇಲ್ಲ, ಸುಮ್ಮನೆ ನಡೆದರೆ ನಡುವಿಗೆ ತಲುಪುತ್ತೀರಿ, ಹೋದ ದಾರಿಯಲ್ಲೇ ಹೊರಗೆ ಬರುತ್ತೀರಿ. ತೊಂದರೆ ಏನೆಂದರೆ ವರ್ಷದ ಬಹುಪಾಲು ದಿನ ಅದರ ಮೇಲೆ ಕುರ್ಚಿಗಳ ಸಾಲಿರುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಶುಕ್ರವಾರ ಕುರ್ಚಿ ತೆಗೆಯುತ್ತಾರೆ. ನಡೆಯುವ ಆಸೆಯಿದ್ದವರು ಶುಕ್ರವಾರವೇ ಹೋಗಬೇಕು. ದಕ್ಷಿಣದ ತೋಳಿನ ನೆಲದಲ್ಲಿ ಓರೆಯಾಗಿ ಕೂರಿಸಿದ ಬಿಳಿಚು ಚಪ್ಪಡಿಯೊಂದಿದೆ, ಅದರಲ್ಲೊಂದು ಲೋಹದ ಮೊಳೆ. ಜೂನ್ 21ರ ಆಸುಪಾಸಿನ ನಡುಹಗಲಲ್ಲಿ ಒಂದು ಕಿಟಕಿಯ ಸಣ್ಣ ತೂತಿನಿಂದ ಬಿಸಿಲಕೋಲು ಬಂದು ಆ ಮೊಳೆಯ ಮೇಲೆ ಬೀಳುತ್ತದೆ.

ಈಗ ಒಂದು ಜಗಳದ ವಿಷಯ. ಶತಮಾನಗಳ ಮೇಣದ ಹೊಗೆ, ದೀಪದ ಮಸಿಯಿಂದ ಒಳಗಿನ ಗೋಡೆಗಳು ಕಪ್ಪಾಗಿದ್ದವು. 2009ರ ನಂತರ ಸರ್ಕಾರ ಅದನ್ನೆಲ್ಲ ಕೆರೆದು ತೊಳೆದು, 13ನೆಯ ಶತಮಾನದ ಸುಣ್ಣದ ಬಣ್ಣವನ್ನು ಹೊರತೆಗೆದು, ಇಲ್ಲದ ಕಡೆ ಬಳಿಸಿತು. ಗೋಡೆ ಈಗ ಕೆನೆಬಣ್ಣ. ಅಮೆರಿಕದ ವಿಮರ್ಶಕ ಮಾರ್ಟಿನ್ ಫಿಲ್ಲರ್ 2014ರಲ್ಲಿ ಇದನ್ನು ಕಟುವಾಗಿ ಟೀಕಿಸಿದ. ಗೋಡೆ ಹೊಳೆದರೆ ಗಾಜು ಮಂಕಾಗುತ್ತದೆ ಎಂದು ಹಲವರು ಹೇಳಿದರು. ನನಗನಿಸಿದ್ದು: ಮಸಿ ಪ್ರಾಚೀನತೆಯಲ್ಲ, ಬರೀ ಮಸಿ. ಕಟ್ಟಿದವರು ಕಪ್ಪು ಗೋಡೆ ಬಯಸಿರಲಿಲ್ಲ. ಆದರೆ ಕಂಬದ ಮೇಲಿನ ಮೇರಿಯ ಮರದ ಮೂರ್ತಿಯ ವಿಷಯ ಬೇರೆ. ಅದು 16ನೆಯ ಶತಮಾನದ್ದು, ಕರಿಯ ಮೇರಿ ಎಂದೇ ಜನ ಅದಕ್ಕೆ ಮೇಣದಬತ್ತಿ ಹಚ್ಚುತ್ತಿದ್ದರು. ಅವಳನ್ನೂ ತೊಳೆದು ಬಿಳುಪು ಮುಖ, ಕೆಂಪು ಕೆನ್ನೆ ಮಾಡಿಬಿಟ್ಟರು. ಊರವರಲ್ಲಿ ಕೆಲವರು ಅರ್ಜಿ ಹಾಕಿ ಪ್ರತಿಭಟಿಸಿದರು. ಅವರ ಪಕ್ಷವೇ ಸರಿ. ಕಪ್ಪು ಮೂರ್ತಿಗೆ ಕೈಮುಗಿದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಗಾಜು ಎರಡು ಮಹಾಯುದ್ಧಗಳಲ್ಲಿ ಹೇಗೆ ಉಳಿಯಿತು ಎಂದು ಕೇಳುತ್ತೀರಿ. ಬಿಚ್ಚಿ ಇಟ್ಟರು, ಅಷ್ಟೆ. 1939ರಲ್ಲಿ ಯುದ್ಧ ಶುರುವಾಗುತ್ತಿದ್ದಂತೆ ಕಿಟಕಿಗಳನ್ನು ತುಂಡುತುಂಡಾಗಿ ಇಳಿಸಿ, ಪೆಟ್ಟಿಗೆಗಳಿಗೆ ತುಂಬಿ, ಕೊನೆಗೆ ದೂರದ ದೊರ್ದೊನ್ ಸೀಮೆಗೆ ಸಾಗಿಸಿದರು. ಗಾಜು ಹೋಯಿತು, ಜನ ಉಳಿದರು. ಆಗ ಈ ಜಿಲ್ಲೆಯ ಅಧಿಕಾರಿ, ನಮ್ಮ ಕಲೆಕ್ಟರರ ಸ್ಥಾನದವರು, ಜಾಂ ಮೂಲಾಂ. 1940ರ ಜೂನ್ 17ರಂದು ಊರು ಹಿಡಿದ ಜರ್ಮನರು ಅವರ ಮುಂದೆ ಒಂದು ಕಾಗದ ಹಿಡಿದರು. ಬಾಂಬು ಬಿದ್ದು ಸತ್ತ ಹೆಂಗಸರು ಮಕ್ಕಳನ್ನು ಫ್ರೆಂಚ್ ಸೈನ್ಯದ ಕರಿಯ ಸೈನಿಕರು ಕೆಡಿಸಿ ಕೊಂದರು ಎಂದು ರುಜು ಹಾಕಬೇಕು. ಮೂಲಾಂ ಹಾಕಲಿಲ್ಲ. ಹೊಡೆದು ಕೂಡಿಹಾಕಿದರು. ಮರುದಿನ ಸಹಿ ಮಾಡಿಬಿಟ್ಟೇನೋ ಎಂಬ ಹೆದರಿಕೆಯಲ್ಲಿ ನೆಲದ ಮೇಲಿದ್ದ ಒಡೆದ ಗಾಜಿನ ಚೂರಿನಿಂದ ಕತ್ತು ಕೊಯ್ದುಕೊಂಡರು. ಬದುಕಿದರು. ಮುಂದೆ ಗುಪ್ತ ಹೋರಾಟದ ಬಣಗಳನ್ನೆಲ್ಲ ಒಂದುಗೂಡಿಸಿ, 1943ರಲ್ಲಿ ಸೆರೆಸಿಕ್ಕು, ಹಿಂಸೆಗೆ ಬಲಿಯಾದರು.

ಕಟ್ಟಡ ಉಳಿದದ್ದರ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ. 1944ರ ಆಗಸ್ಟ್ 16ರಂದು ಅಮೆರಿಕದ ಸೈನ್ಯ ಊರ ಅಂಚಿಗೆ ಬಂದಾಗ, ಗೋಪುರದಲ್ಲಿ ಕೂತು ಜರ್ಮನರು ಗುರಿ ತೋರಿಸುತ್ತಿದ್ದಾರೆ ಎಂಬ ಶಂಕೆಯಿಂದ ಫಿರಂಗಿ ಹಾರಿಸಲು ತೀರ್ಮಾನವಾಗಿತ್ತು. ಕರ್ನಲ್ ವೆಲ್ಬರ್ನ್ ಗ್ರಿಫಿತ್ ಒಪ್ಪಲಿಲ್ಲ. ಚಾಲಕನೊಬ್ಬನನ್ನು ಕರೆದುಕೊಂಡು ತಾನೇ ಹೋಗಿ ಗೋಪುರ ಹತ್ತಿ ನೋಡಿದ. ಯಾರೂ ಇರಲಿಲ್ಲ. ಆಜ್ಞೆ ರದ್ದಾಯಿತು. ಅದೇ ದಿನ ಪಕ್ಕದ ಲೇವ್ ಎಂಬ ಹಳ್ಳಿಯಲ್ಲಿ ಗುಂಡಿಗೆ ಸಿಕ್ಕಿ ಗ್ರಿಫಿತ್ ಸತ್ತ.

ಹಸಿವಾದಾಗ ಸಸ್ಯಾಹಾರಿಗಳು ಪರದಾಡುವ ಊರೇ ಇದು. ಇಲ್ಲಿ ಹೆಸರಾದದ್ದು ಮಾಂಸದ ಕಡುಬು. ನಾವು ರೊಟ್ಟಿ, ಗಿಣ್ಣು, ಟೊಮೇಟೊ ಕೊಂಡು ಬೆಂಚಿನ ಮೇಲೆ ಕೂತು ಮುಗಿಸಿದೆವು. ಮೆಂಚಿಕಾಫ್ ಎಂಬ ಸಿಹಿಯೊಂದು ಇಲ್ಲಿಯದೇ, ಚಾಕೊಲೇಟಿನ ಮೇಲೆ ಬಿಳಿಯ ಸಕ್ಕರೆ ಹೊದಿಕೆ. ಒಂದು ತಿಂದರೆ ಸಾಕಾಗುವಷ್ಟು ಸಿಹಿ.

ಆಮೇಲೆ ಕೆಥೆಡ್ರಲ್ಲಿನ ಹಿಂದಿನಿಂದ ಮೆಟ್ಟಿಲ ಓಣಿಗಳಲ್ಲಿ ಇಳಿಯಿರಿ. ಯೂರ್ ನದಿಯ ಕೆಳಪೇಟೆ ಅದು. ತೊಗಲು ಹದ ಮಾಡುವವರು, ಉಣ್ಣೆ ತೊಳೆಯುವವರು, ಗಿರಣಿಯವರು ಇದ್ದ ಕೇರಿ. ಈಗ ಬಟ್ಟೆ ಒಗೆಯುವ ಹಳೆಯ ಕಟ್ಟೆಗಳು ನೀರಿನ ಅಂಚಿಗೆ ಸುಮ್ಮನೆ ನಿಂತಿವೆ. ಪ್ರವಾಸಿಗಳಲ್ಲಿ ಅರ್ಧ ಜನ ಇಲ್ಲಿಗೆ ಬರುವುದೇ ಇಲ್ಲ.

ಇನ್ನೂ ಕಡಿಮೆ ಜನ ಹೋಗುವ ಮನೆಯೊಂದು ಊರ ಹೊರವಲಯದಲ್ಲಿದೆ, ಪಿಕಾಸಿಯೆತ್ ಮನೆ ಎನ್ನುತ್ತಾರೆ. ಕಟ್ಟಿಕೊಂಡವನು ರೇಮೋಂ ಇಸಿದೋರ್, ಸ್ಮಶಾನದಲ್ಲಿ ಕಸ ಗುಡಿಸುತ್ತಿದ್ದವನು. 1938ರ ಸುಮಾರಿಗೆ ದಾರಿಯಲ್ಲಿ ಬಿದ್ದ ಪಿಂಗಾಣಿ ತಟ್ಟೆಯ ಚೂರುಗಳನ್ನು ಆಯಲು ಶುರುಮಾಡಿದ. ಗೋಡೆಗೆ ಅಂಟಿಸಿದ, ನೆಲಕ್ಕೆ ಅಂಟಿಸಿದ, ಅಂಗಳ, ಹೂಕುಂಡ, ಮಂಚ, ಒಲೆ, ಹೆಂಡತಿಯ ಹೊಲಿಗೆ ಯಂತ್ರ, ಯಾವುದನ್ನೂ ಬಿಡಲಿಲ್ಲ. ಊರವರು ನಕ್ಕರು. 1964ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಮನೆಯಲ್ಲಿ ಚೂರಿಲ್ಲದ ಗೇಣು ಜಾಗ ಉಳಿದಿರಲಿಲ್ಲ. ಈಗ ಅದು ನಗರಸಭೆಯ ಸ್ವತ್ತು, ಸಂರಕ್ಷಿತ ಸ್ಮಾರಕ. ಕೆಥೆಡ್ರಲ್ಲನ್ನೂ ಅವನು ತಟ್ಟೆಯ ಚೂರಿನಲ್ಲೇ ಬರೆದಿಟ್ಟಿದ್ದಾನೆ. ಹೆಸರಿಲ್ಲದವರು ಕಟ್ಟಿದ ದೊಡ್ಡ ಗುಡಿಯ ಊರಲ್ಲಿ ಒಬ್ಬ ಕಸ ಗುಡಿಸುವವನ ಹೆಸರು ಉಳಿಯಿತು. ಅಂಗಿ ತೋಳಿಗೆ ಸಿಮೆಂಟು ಮೆತ್ತಿಕೊಂಡು ರಾತ್ರಿ ಹಗಲು ಕೂತಿದ್ದವನಿಗೆ ಅಷ್ಟು ಸಲ್ಲಬೇಕಾದದ್ದೇ.

ಹೋಗುವವರಿಗೆ ಒಂದೆರಡು ಮಾತು. ಮೋಡ ಕವಿದ ದಿನ ಬೇಡ; ಹವಾಮಾನ ನೋಡಿಕೊಂಡು, ಬಿಸಿಲಿರುವ ದಿನ ಬೆಳಗಿನ ಗಾಡಿಗೇ ಹೊರಡಿ. ಕೆಥೆಡ್ರಲ್ಲಿನ ಒಳಗೆ ಹೋಗಲು ಟಿಕೆಟ್ಟಿಲ್ಲ. ಮನೆಯಲ್ಲಿ ದುರ್ಬೀನು ಇದ್ದರೆ ತಪ್ಪದೆ ಒಯ್ಯಿರಿ, ಪಕ್ಷಿ ನೋಡುವವರ ಚಿಕ್ಕದಾದರೂ ಸಾಕು. ಬೆಳಿಗ್ಗೆ ಪೂರ್ವ, ದಕ್ಷಿಣದ ಕಿಟಕಿಗಳು, ಸಂಜೆ ಪಶ್ಚಿಮದವು. ನಡುವೆ ಊಟ, ಕೆಳಪೇಟೆ, ಇಸಿದೋರನ ಮನೆ. ವಾಪಸಿನ ಗಾಡಿಗಳು ಸಂಜೆಯವರೆಗೂ ಇರುತ್ತವೆ, ಮಧ್ಯಾಹ್ನದ ಗಾಡಿಯ ಮಾತೆತ್ತುವ ಹುಡುಗರಿಗೆ ಕಿವಿಗೊಡಬೇಡಿ. ಪ್ಯಾರಿಸ್ಸಿನ ಪಟ್ಟಿಯಲ್ಲಿ ಯಾವುದನ್ನು ಬಿಟ್ಟು ಇಲ್ಲಿಗೆ ಬರಲಿ ಎಂದರೆ, ಸೆಂಟಿನ ಅಂಗಡಿಯನ್ನು ಧಾರಾಳವಾಗಿ ಬಿಡಬಹುದು.